ಘಟ್ಟ ಹತ್ತಿದ ಹೆಂಚು

ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಹಳೇ ಮನೆಯ ವಯಸ್ಸು ಕೇಳಿದರೆ ಜನ ಮಾಡಿನ ಕಡೆ ಕೈ ತೋರಿಸುತ್ತಾರೆ. ‘ಹೆಂಚಿನ ಮೇಲೇ ಇಸವಿ ಉಂಟಲ್ಲ, 1865’ ಎನ್ನುತ್ತಾರೆ. ಇಸವಿ ಇರುವುದು ನಿಜ. ಮನೆ ಇಳಿಸುವಾಗ ಹೆಂಚು ಮಗುಚಿ, ಕಿಟ್ಟ ಕೆರೆದು ನೋಡಿದರೆ ಬಾಸೆಲ್ ಮಿಶನ್ ಟೈಲ್ ವರ್ಕ್ಸ್ ಎಂಬ ಇಂಗ್ಲಿಷ್ ಅಕ್ಷರಗಳ ಜೊತೆ ಅದು ಮೂಡಿರುತ್ತದೆ. ಆದರೆ ಅದು ಕಾರ್ಖಾನೆ ಹುಟ್ಟಿದ ವರ್ಷ. ಎಷ್ಟೋ ವರ್ಷ ಆಮೇಲೆ ಅಚ್ಚಿನಿಂದ ಹೊರಬಿದ್ದ ಹೆಂಚಿಗೂ ಅದೇ ಮುದ್ರೆ. ಪಕ್ಕದ ಮನೆಯಲ್ಲಿ ಆಲ್ಬುಕರ್ಕ್ ಕಂಪನಿಯ ಹೆಂಚಿದ್ದರೆ ಅದರ ಮೇಲೆ 1868 ಇರುತ್ತದೆ, ಅದೂ ಕಂಪನಿಯದೇ ಜಾತಕ. ನಾಲ್ಕು ತಲೆಮಾರಿನ ಮನೆಯೆಂದು ಬೀಗುತ್ತಿದ್ದ ಹೆಗಡೇರೊಬ್ಬರಿಗೆ ಇದನ್ನು ಬಿಡಿಸಿ ಹೇಳಿದೆ. ‘ಹಂಗಾರೆ ನಮ್ಮನೆ ಎಷ್ಟು ಹಳೇದೋ ಮಾರಾಯಾ?’ ಎಂದು ನನ್ನನ್ನೇ ಕೇಳಿದರು. ಅದಕ್ಕೂ ದಾರಿ ಇದೆ. ಮೊದಲ ಮಹಾಯುದ್ಧದ ನಂತರ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಹೀಗಾಗಿ ಬಾಸೆಲ್ ಮಿಶನ್ನಿನ ಮುದ್ರೆ ಇದ್ದರೆ ಹೆಂಚಿಗೆ ನೂರು ವರ್ಷ ದಾಟಿದೆ ಎಂದು ಧೈರ್ಯವಾಗಿ ಹೇಳಬಹುದು. ಮನೆಯ ಮಾತು ಬೇರೆ. ಹೆಂಚು ಒಂದು ಮನೆಯಿಂದ ಇನ್ನೊಂದಕ್ಕೆ ನಡೆದು ಹೋಗುವ ವಸ್ತು.

ನಾನು ಮನೆ ಕಟ್ಟಿಸುವ, ಹಳೇ ಮನೆ ಇಳಿಸುವ ಗುತ್ತಿಗೆಯವನು. ಅಪ್ಪ ಬಡಗಿ, ಅಜ್ಜನೂ ಬಡಗಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕಿನಲ್ಲಿ ನಾವು ಹತ್ತದ ಮಾಡು ಕಡಿಮೆ. ಹಾಗಿದ್ದೂ ಬಾಸೆಲ್ ಅಂದರೆ ಏನು, ಮಿಶನ್ ಅಂದರೆ ಯಾರು ಎಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಬಾಸೆಲ್ ಅಂದರೆ ಒಳ್ಳೇ ಹೆಂಚು, ಅಷ್ಟೆ. ಅದು ಒಂದು ಕ್ರೈಸ್ತ ಧರ್ಮಸಂಸ್ಥೆ, ಹೆಂಚು ಅದರ ಬದಿಯ ಕಸುಬು ಎಂದು ನನಗೆ ಗೊತ್ತಾದದ್ದು ಧಾರವಾಡ ಕಡೆಯ ಹಳ್ಳಿಯೊಂದರ ಚರ್ಚಿನ ಮಾಡು ರಿಪೇರಿಗೆ ಕರೆ ಬಂದ ಮೇಲೆ. ಆ ಕೆಲಸದ ಮಾತು ಕೊನೆಗೆ ಹೇಳುತ್ತೇನೆ. ಅದಕ್ಕಿಂತ ಮೊದಲು, ಆ ಚರ್ಚು ಯಾಕೆ ಹಾಗಿದೆ ಎಂದು ತಿಳಿಯಲು ನಾನು ಓದಿಕೊಂಡದ್ದನ್ನು, ಮಾಡಿನ ಕೆಲಸದವನ ಕಣ್ಣಿಗೆ ಕಂಡದ್ದನ್ನು ಹೇಳಬೇಕು.

ಬಾಸೆಲ್ ಸ್ವಿಟ್ಜರ್ಲೆಂಡಿನ ಊರು, ಜರ್ಮನಿ, ಫ್ರಾನ್ಸ್ ಎರಡರ ಗಡಿಗೂ ತಾಗಿಕೊಂಡದ್ದು. 1517ರಲ್ಲಿ ಜರ್ಮನಿಯಲ್ಲಿ ಲೂಥರ್ ಎಬ್ಬಿಸಿದ ಧರ್ಮದ ಜಗಳ ಸ್ವಿಟ್ಜರ್ಲೆಂಡಿಗೆ ಬರುವ ಹೊತ್ತಿಗೆ ಇನ್ನೂ ಖಾರವಾಯಿತು. ಲೂಥರ್ ಪೋಪರ ಅಧಿಕಾರ ತಿರಸ್ಕರಿಸಿದರೂ ಚರ್ಚಿನ ಚಿತ್ರ, ಮೂರ್ತಿಗಳ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಜ್ಯೂರಿಚಿನ ಜ್ವಿಂಗ್ಲಿ, ಜಿನೀವಾದ ಕಾಲ್ವಿನ್ ಇವರ ಪಂಗಡ ಹಾಗಲ್ಲ. ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಇಲ್ಲದ್ದು ಆರಾಧನೆಯಲ್ಲೂ ಬೇಡ ಎಂದಿತು. ಈ ಪಂಗಡಕ್ಕೇ ರಿಫಾರ್ಮ್ಡ್ ಸಭೆ ಎಂಬ ಹೆಸರು. ಜ್ಯೂರಿಚಿನಲ್ಲಿ 1524ರಲ್ಲಿ ಊರಿನ ಆಡಳಿತ ಸಭೆಯೇ ಅಪ್ಪಣೆ ಕೊಟ್ಟು ಮೂರ್ತಿಗಳನ್ನು ಕ್ರಮವಾಗಿ ಇಳಿಸಿತು. ಬಾಸೆಲಿನಲ್ಲಿ ಅಷ್ಟು ತಾಳ್ಮೆ ಇರಲಿಲ್ಲ. 1529ರ ಫೆಬ್ರುವರಿಯಲ್ಲಿ ಜನರೇ ನುಗ್ಗಿ ಸಂತರ ಮೂರ್ತಿ, ಚಿತ್ರಪಟಗಳನ್ನು ಒಡೆದು ಸುಟ್ಟರು. ಅಲ್ಲಿ ನೆಲೆಸಿದ್ದ ಪಂಡಿತ ಎರಾಸ್ಮಸ್ ಈ ಗಲಾಟೆ ಸಾಕಾಗಿ ಅದೇ ವರ್ಷ ಊರು ಬಿಟ್ಟು ಫ್ರೈಬರ್ಗಿಗೆ ಹೋದ.

ಮೂರ್ತಿ ಒಡೆದ ಕತೆ ನನ್ನಂಥವನಿಗೆ ಸುಲಭವಾಗಿ ಇಳಿಯುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಮಾರಿಕಾಂಬೆಯ ಊರಿನ ಸೀಮೆಯಲ್ಲಿ. ಎರಡು ವರ್ಷಕ್ಕೊಮ್ಮೆ ಏಳಡಿಯ ಮರದ ಮೂರ್ತಿ ತೇರೇರುವುದನ್ನು ನೋಡಿದವನು, ದೇವಸ್ಥಾನದ ಗೋಡೆಯ ಮೇಲಿನ ಕಾವಿ ಚಿತ್ರಗಳನ್ನು ನೋಡುತ್ತ ಅಮ್ಮನ ಸೆರಗು ಹಿಡಿದು ನಿಂತವನು. ಬಿಳಿ ಸುಣ್ಣದ ಮೇಲೆ ಕೆಂಪು ಕಾವಿ, ಎಲ್ಲಿ ನೋಡಿದರಲ್ಲಿ ದೇವರು, ಬಳ್ಳಿ, ಹೂವು. ಗೋಡೆಯನ್ನು ಖಾಲಿ ಬಿಡುವುದು ಭಕ್ತಿಯೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಸುಧಾರಣೆ ಅಂದರೆ ಏನನ್ನಾದರೂ ತೆಗೆದುಹಾಕುವುದು ಎಂಬುದು ಶಿರಸಿಗೂ ಗೊತ್ತಿದೆ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಆಸುಪಾಸಿನ ವರ್ಷಗಳಲ್ಲಿ ಜಾತ್ರೆಯ ಕೋಣನ ಬಲಿ ನಿಂತಿತು. ನಾವು ರಕ್ತವನ್ನು ಬಿಟ್ಟು ಮೂರ್ತಿಯನ್ನು ಇಟ್ಟುಕೊಂಡೆವು. ಅವರು ಮೂರ್ತಿಯನ್ನೇ ಬಿಟ್ಟು ಮಾತನ್ನು ಇಟ್ಟುಕೊಂಡರು.

ಮಾತನ್ನು ಇಟ್ಟುಕೊಂಡರು ಎಂಬುದೇ ಕಟ್ಟಡದ ಬೀಗದ ಕೈ. ನಮ್ಮ ಕಡೆಯವರಿಗೆ ಇದನ್ನು ಹೇಳಲು ತಾಳಮದ್ದಲೆಗಿಂತ ಒಳ್ಳೇ ಹೋಲಿಕೆ ಇಲ್ಲ. ಯಕ್ಷಗಾನದಲ್ಲಿ ಬಣ್ಣ, ಕಿರೀಟ, ಕುಣಿತ ಇದೆ, ಕಣ್ಣಿಗೆ ಹಬ್ಬ. ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಅದೇ ಪ್ರಸಂಗ, ಅದೇ ಪದ್ಯ, ಉಳಿದದ್ದೆಲ್ಲ ಅರ್ಥಗಾರಿಕೆ. ರಿಫಾರ್ಮ್ಡ್ ಸಭೆಯ ಚರ್ಚು ಕ್ರೈಸ್ತರ ತಾಳಮದ್ದಲೆ. ಕೇಳುವುದಕ್ಕೆ ಕಟ್ಟಿದ ಕಟ್ಟಡ ಅದು.

ಈಗ ನಮ್ಮ ದೇವಸ್ಥಾನದ ಲೆಕ್ಕ ನೋಡಿ. ಗರ್ಭಗುಡಿ ಚಿಕ್ಕದು, ಕತ್ತಲೆಯದು. ಒಳಗೆ ಅರ್ಚಕರು ಮಾತ್ರ. ಅವರು ಹೇಳುವ ಮಂತ್ರ ಹೊರಗಿನವರಿಗೆ ಪೂರ್ತಿ ಕೇಳಬೇಕೆಂಬ ಹಟ ಯಾರಿಗೂ ಇಲ್ಲ. ಜನ ಬರುತ್ತಾರೆ, ಸುತ್ತು ಹಾಕುತ್ತಾರೆ, ಹೋಗುತ್ತಾರೆ. ಹಾಗಾಗಿ ಎದುರಿನ ಮಂಟಪದಲ್ಲಿ ಎಷ್ಟು ಕಂಬ ಇದ್ದರೂ ತೊಂದರೆ ಇಲ್ಲ. ನಮ್ಮ ಮನೆಗಳೂ ಅಷ್ಟೆ, ಅಂಕಣದ ಲೆಕ್ಕದಲ್ಲಿ ಬೆಳೆದವು, ಕಂಬಕ್ಕೆ ತೊಲೆ, ತೊಲೆಗೆ ಕಂಬ. ಆದರೆ ಇನ್ನೂರು ಜನ ಒಟ್ಟಿಗೆ ಕೂತು, ಒಬ್ಬರು ಒಂದು ತಾಸು ಮಾಡುವ ಪ್ರಸಂಗವನ್ನು, ಅಂದರೆ ಧರ್ಮೋಪದೇಶವನ್ನು, ಕೇಳಬೇಕು, ಹೇಳುವವರ ಮುಖವೂ ಕಾಣಬೇಕು ಅಂದರೆ ನಡುವೆ ಕಂಬ ಬರಕೂಡದು. ಇದು ಬಡಗಿಗೆ ಒಡ್ಡಿದ ಸವಾಲು. ಉತ್ತರ ಟ್ರಸ್. ಎರಡು ಓರೆ ಮರ, ಕೆಳಗೆ ಒಂದು ಅಡ್ಡಮರ, ನಡುವೆ ನೆಟ್ಟಗೆ ಒಂದು. ಈ ಮೂರುಮೂಲೆಯ ಚೌಕಟ್ಟು ಗೋಡೆಯಿಂದ ಗೋಡೆಗೆ ಒಂದೇ ಹಾರಿಗೆ ಕೂರುತ್ತದೆ, ಮಾಡಿನ ಭಾರವನ್ನು ಎರಡೂ ಬದಿಯ ಗೋಡೆಗೆ ದಾಟಿಸುತ್ತದೆ. ಓರೆ ಮರಗಳು ಗೋಡೆಯನ್ನು ಹೊರಕ್ಕೆ ತಳ್ಳದಂತೆ ಅಡ್ಡಮರ ಬಿಗಿ ಹಿಡಿದಿರುತ್ತದೆ. ಸಾಗವಾನಿ ಸಿಕ್ಕಿದರೆ ಇಪ್ಪತ್ತು ಇಪ್ಪತ್ತೈದು ಅಡಿ ಅಗಲವನ್ನು ಕಂಬವಿಲ್ಲದೆ ಮುಚ್ಚಬಹುದು.

ಭಾರ ಜಾಸ್ತಿಯಾದರೆ ಇದೆಲ್ಲ ಕಷ್ಟ. ನಾಡಹೆಂಚು, ಅಂದರೆ ಕುಂಬಾರರು ಕೈಯಲ್ಲಿ ಮಾಡುವ ಅರ್ಧ ಕೊಳವೆಯಾಕಾರದ ಹೆಂಚನ್ನು ಒಂದರ ಮೇಲೊಂದು ಒತ್ತಾಗಿ ಹೊದಿಸಬೇಕು. ಅದಕ್ಕೆ ಕೊಂಡಿಯಿಲ್ಲ, ತೋಡಿಲ್ಲ, ಸುಮ್ಮನೆ ಕೂತಿರುತ್ತದೆ. ಮಂಗಳೂರು ಹೆಂಚು ಬೇರೆ ಜಾತಿ. ಅಂಚಿನಲ್ಲಿ ತೋಡು, ಪಕ್ಕದ ಹೆಂಚಿನ ಏಣು ಆ ತೋಡಿನೊಳಗೆ ಕೂರುತ್ತದೆ. ಹಿಂಬದಿಯ ಮೂಗು ರೀಪಿಗೆ ಸಿಕ್ಕಿಕೊಳ್ಳುತ್ತದೆ. ನೀರು ತೋಡಿನಲ್ಲೇ ಇಳಿದು ಕೆಳಗಿನ ಹೆಂಚಿನ ಬೆನ್ನಿಗೆ ಬೀಳುತ್ತದೆ. ಎರಡೂವರೆ ಕಿಲೋ ಆಸುಪಾಸಿನ ಒಂದು ಹೆಂಚು, ನೂರು ಚದರಡಿಗೆ ಹೆಚ್ಚುಕಡಿಮೆ ನೂರೈವತ್ತು. ಒಂದೇ ಪದರ ಸಾಕು. ಪಕಾಸಿನ ದಪ್ಪ ಇಳಿಯುತ್ತದೆ, ಮರ ಉಳಿಯುತ್ತದೆ, ಕಂಬ ಬೇಡವಾಗುತ್ತದೆ. ಕಂಬ ಬೇಡ ಅನ್ನುವ ಧರ್ಮದವರೇ ಹಗುರ ಹೆಂಚಿನ ಕಾರ್ಖಾನೆಯನ್ನೂ ಹಾಕಿದ್ದು ನನಗೆ ಬಹಳ ಹೊಂದಿಕೆಯ ವಿಷಯವಾಗಿ ಕಾಣುತ್ತದೆ. ಅವರು ಹಾಕಿದ್ದು ಅದಕ್ಕಲ್ಲ ಎನ್ನುವುದು ಬೇರೆ ಮಾತು.

ಯಾಕೆ ಹಾಕಿದರು ಎನ್ನುವುದು ಹೊಟ್ಟೆಪಾಡಿನ ಕತೆ. ಬಾಸೆಲ್ ಮಿಶನ್ ಶುರುವಾದದ್ದು 1815ರಲ್ಲಿ. ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಜನ, ದಕ್ಷಿಣ ಜರ್ಮನಿಯ ಲೂಥರನ್ ಭಕ್ತರು ಇಬ್ಬರೂ ಸೇರಿ ಕಟ್ಟಿದ ಸಂಸ್ಥೆ. ಹಾಗಾಗಿ ಇಲ್ಲಿ ಹುಟ್ಟಿದ ಸಭೆಗಳಲ್ಲಿ ಎರಡರ ರಕ್ತವೂ ಇದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ಠಾಣ್ಯಗಳು ಎದ್ದವು. ಈ ಮಿಶನರಿಗಳಲ್ಲಿ ಕನ್ನಡದವರಿಗೆ ಬೇಕಾದವರು ಬಹಳ. ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ತೆಗೆದರು, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟ್ಟೆಲರ ನಿಘಂಟು 1894ರಲ್ಲಿ ಬಂತು. ಇವೆಲ್ಲ ಶಾಲೆಯ ಪುಸ್ತಕದಲ್ಲೇ ಇರುವುದರಿಂದ ನಾನು ಮುಂದೆ ಹೋಗುತ್ತೇನೆ.

ಮತ ಬದಲಿಸಿದವರಿಗೆ ಮನೆ ತಪ್ಪುತ್ತಿತ್ತು, ಒಕ್ಕಲುತನ ತಪ್ಪುತ್ತಿತ್ತು. ಸೇಂದಿ ಇಳಿಸುತ್ತಿದ್ದವರಿಗೆ ಸೇಂದಿ ಕೂಡದು ಎಂದು ಮಿಶನ್ ಹೇಳಿದ ಮೇಲೆ ಅವರು ಮಾಡುವುದೇನು? 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗುಲ್ಲೆದ್ದಿತ್ತು. ಓದಿದವರು ಹೇಗೋ ದಾರಿ ಕಂಡುಕೊಂಡರು, ಕೌಂಡಿನ್ಯರು ಬಾಸೆಲಿಗೇ ಹೋಗಿ ಓದಿ ಬಂದರು. ಬಡವರಿಗೆ ಕೆಲಸ ಬೇಕಿತ್ತು. ಅಚ್ಚುಕೂಟ, ನೇಯ್ಗೆ, ಆಮೇಲೆ ಹೆಂಚು. ಅಚ್ಚುಕೂಟದ ಯಂತ್ರಗಳನ್ನು ಬಲ್ಲ ಪ್ಲೆಬ್ಸ್ಟ್ ಎಂಬ ಕುಶಲಕರ್ಮಿ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ನೋಡಿ, ಹೆಂಚು ಸುಡುವ ವಿದ್ಯೆ ಕಲಿತು ಬಂದು 1865ರಲ್ಲಿ ಜೆಪ್ಪಿನಲ್ಲಿ ಕಾರ್ಖಾನೆ ಶುರುಮಾಡಿದ. ಆರಂಭದಲ್ಲಿ ಎತ್ತುಗಳು ಸುತ್ತು ಹಾಕಿ ಮಣ್ಣು ಹದ ಮಾಡುತ್ತಿದ್ದವು. ತೋಡಿನ ಹೆಂಚಿನ ಉಪಾಯ ಅವನದ್ದಲ್ಲ. ಬಾಸೆಲಿಗೆ ಹತ್ತಿರದ ಆಲ್ಸಾಸ್ ಸೀಮೆಯ ಆಲ್ಟ್‌ಕಿರ್ಖ್ ಎಂಬ ಊರಿನಲ್ಲಿ ಜಿಲಾರ್ಡೋನಿ ಅಣ್ಣತಮ್ಮಂದಿರು 1841ರಲ್ಲೇ ಅದನ್ನು ಕಂಡುಹಿಡಿದಿದ್ದರು. ಮಂಗಳೂರಿನ ಬಾಲ್ಮಠದ ಶಾಂತಿ ದೇವಾಲಯ 1862ರದ್ದು, ಅಂದರೆ ಕಾರ್ಖಾನೆಗಿಂತ ಮೂರು ವರ್ಷ ಹಿರಿದು. ಮೊದಲು ಗುಡಿ, ಆಮೇಲೆ ಹೆಂಚು.

ಧರ್ಮದ ಕೆಲಸಕ್ಕೆ ಬಂದವರು ಲಾಭದ ಲೆಕ್ಕ ಬರೆಯುವುದು ಸರಿಯೇ ಎಂಬ ಚರ್ಚೆ ಮಿಶನ್ನಿನ ಒಳಗೇ ನಡೆದಿತ್ತು. 1859ರಲ್ಲಿ ವ್ಯಾಪಾರಕ್ಕೆಂದೇ ಬೇರೆ ಕಂಪನಿ ಮಾಡಿದ್ದರು. ನನ್ನ ಅಭಿಪ್ರಾಯ ಕೇಳಿದರೆ, ಪ್ರಸಂಗ ಹೇಳಿ ಜನರನ್ನು ಊರಿನಿಂದ ಕಿತ್ತ ಮೇಲೆ ಅವರ ಅನ್ನಕ್ಕೆ ದಾರಿ ಮಾಡದಿದ್ದರೆ ಅದು ದೊಡ್ಡ ಅನ್ಯಾಯವಾಗುತ್ತಿತ್ತು. ಆದರೆ ಕೆಲಸ ಕೊಡುವವನೂ, ಪಾಪಪುಣ್ಯ ಹೇಳುವವನೂ ಒಬ್ಬನೇ ಆದಾಗ ಕೂಲಿಯವನಿಗೆ ಉಸಿರಾಡಲು ಜಾಗ ಎಷ್ಟು ಉಳಿಯುತ್ತದೆ ಎಂದೂ ಅನಿಸುತ್ತದೆ.

ಮಿಶನ್ನಿನ ದೊಡ್ಡ ಠಾಣ್ಯಗಳ ಪಟ್ಟಿಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಇಲ್ಲ. ಕರಾವಳಿಯಲ್ಲಿ ಇತ್ತು, ಬಯಲುಸೀಮೆಯಲ್ಲಿ ಇತ್ತು, ನಡುವಿನ ಕಾಡಿನ ಪಟ್ಟಿ ಬಿಟ್ಟುಹೋಯಿತು. ಯಲ್ಲಾಪುರ ಕಡೆಯ ಸಿದ್ದಿಗಳಲ್ಲಿ ಕ್ರೈಸ್ತರಿದ್ದಾರೆ, ಅವರು ಕ್ಯಾಥೊಲಿಕರು, ಆ ಇತಿಹಾಸದ ದಾರಿ ಗೋವಾ ಕಡೆಯಿಂದ ಬಂದದ್ದು. ಹೀಗೆ ನಮ್ಮಲ್ಲಿ ರಿಫಾರ್ಮ್ಡ್ ಪರಂಪರೆಯ ಚರ್ಚಿನ ನೆರಳು ಬಿದ್ದದ್ದು ಕಡಿಮೆ, ಅದರ ಹೆಂಚಿನ ನೆರಳು ಮಾತ್ರ ಊರೂರಿಗೂ ಬಿತ್ತು.

ಹೆಂಚು ಬಂದ ದಾರಿ ಹತ್ತಿಯ ದಾರಿ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ತಪ್ಪಿದಾಗ, ಹುಬ್ಬಳ್ಳಿ ಧಾರವಾಡದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಆ ಹತ್ತಿ ಎತ್ತಿನ ಗಾಡಿಯಲ್ಲಿ ಶಿರಸಿಗೆ ಬಂದು ದೇವಿಮನೆ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಈ ರಸ್ತೆಗಳಿಗೆ ಇನ್ನಷ್ಟು ಗಮನ ಸಿಕ್ಕಿತು. ಮಂಗಳೂರಿನ ಹೆಂಚು ಮಂಜಿ, ಪತ್ತೆಮಾರಿ ಎಂಬ ಹಾಯಿಹಡಗುಗಳಲ್ಲಿ ಕುಮಟಾಕ್ಕೆ ಬರುತ್ತಿತ್ತು, ಅಡಿಕೆ ಮೆಣಸು ಇಳಿಸಿದ ಗಾಡಿಗಳು ವಾಪಸಾಗುವಾಗ ಅದನ್ನು ಹೇರಿಕೊಂಡು ಬರುತ್ತಿದ್ದವು ಎಂದು ಅಜ್ಜ ಹೇಳುತ್ತಿದ್ದ. ಶಿರಸಿಗೆ ದೇವಿಮನೆ ಘಟ್ಟ, ಸಿದ್ದಾಪುರಕ್ಕೆ ದೊಡ್ಡಮನೆ ಘಟ್ಟ, ಯಲ್ಲಾಪುರಕ್ಕೆ ಅರಬೈಲು ಘಟ್ಟ. ಗಾಡಿ ಘಟ್ಟ ಹತ್ತುವಷ್ಟರಲ್ಲಿ ಒಡೆಯುವುದು ಒಡೆದು, ಉಳಿದದ್ದರ ಬೆಲೆ ಏರಿರುತ್ತಿತ್ತಂತೆ. 1880ರ ದಶಕದಲ್ಲಿ ಮರ್ಮಗೋವಾ ಕಡೆಗೆ ರೈಲು ಬಂದ ಮೇಲೆ ಹತ್ತಿ ಆ ದಾರಿ ಹಿಡಿಯಿತು, ಕುಮಟಾ ಬಂದರಿನ ಭರಾಟೆ ಇಳಿಯಿತು.

ಮಂಗಳೂರು ಹೆಂಚಿಗೆ ಮೊದಲು ನಮ್ಮ ಮನೆಗಳ ಮೇಲೆ ಏನಿತ್ತು? ಸೋಗೆ, ಹುಲ್ಲು, ಅನುಕೂಲಸ್ಥರಿಗೆ ನಾಡಹೆಂಚು. ಸೋಗೆಯನ್ನು ವರ್ಷ ವರ್ಷ ಬದಲಿಸಬೇಕು, ಒಂದು ಕಿಡಿ ತಾಗಿದರೆ ಸಾಲು ಮನೆಯೇ ಹೋಯಿತು. ನಾಡಹೆಂಚಿಗೆ ಮಂಗನ ಕಾಟ. ಒಂದು ಹಿಂಡು ಮಾಡಿನ ಮೇಲೆ ಹಾದುಹೋದರೆ ಮಳೆಗಾಲಕ್ಕೆ ಮೊದಲು ಪೂರ್ತಿ ಕೈಯಾಡಿಸಲೇಬೇಕು. ಶಿರಸಿಯಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಸುತ್ತಮುತ್ತ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಡಿಕೆಯ ಮೂಟೆಯನ್ನು ಅಟ್ಟದ ಮೇಲೆ ಇಟ್ಟವನಿಗೆ ಸೋರದ ಮಾಡು ಅಂದರೆ ಬ್ಯಾಂಕಿನ ಖಾತೆ. ಹಾಗಾಗಿ ಮಂಗಳೂರು ಹೆಂಚು ಬಂದಾಗ ಯಾರೂ ಅದರ ಜಾತಿ ಕೇಳಲಿಲ್ಲ. ಮಡಿಯ ಅಡುಗೆಮನೆಯ ಮೇಲೂ ಅದೇ, ಊರ ದೇವಸ್ಥಾನದ ಚಂದ್ರಶಾಲೆಯ ಮೇಲೂ ಅದೇ. ಹೊರಗಿನವರನ್ನು ಹೊಸಿಲು ದಾಟಿಸದ ಮನೆಗಳು ಮಿಶನ್ನಿನ ಹೆಸರನ್ನು ಅಚ್ಚಾಗಿ ಹೊತ್ತ ಸಾವಿರಾರು ಹೆಂಚನ್ನು ನೆತ್ತಿಯ ಮೇಲೆ ಇಟ್ಟುಕೊಂಡವು. ನಾನು ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ಒಳ್ಳೇ ಮಾಲಿಗೆ ನಮ್ಮ ಹಿರಿಯರು ಕೊಟ್ಟ ಮರ್ಯಾದೆ ಅದು.

ಈಗ ಯಲ್ಲಾಪುರದಿಂದ ಹುಬ್ಬಳ್ಳಿ ದಾರಿ ಹಿಡಿಯಿರಿ. ಕಿರವತ್ತಿ ದಾಟಿ ಕಲಘಟಗಿ ಬರುವಷ್ಟರಲ್ಲಿ ಕಾಡು ತೆಳುವಾಗಿ ಎರೆಮಣ್ಣು ಶುರುವಾಗುತ್ತದೆ, ಮನೆಗಳ ನೆತ್ತಿ ಚಪ್ಪಟೆಯಾಗುತ್ತದೆ. ಮಾಳಿಗೆ ಮನೆಗಳು. ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು, ಬೆಳಕಿಗೆ ಒಂದು ಬೆಳಕಿಂಡಿ. ಮಳೆ ಕಡಿಮೆ, ಬಿಸಿಲು ಜಾಸ್ತಿ, ಆ ಊರಿಗೆ ಅದೇ ಸರಿ. ಅಂಥ ಊರಿನ ಅಂಚಿನಲ್ಲಿ ಇದ್ದಕ್ಕಿದ್ದಂತೆ ಕೆಂಪು ಹೆಂಚಿನ ಇಳಿಜಾರು ಮಾಡು ಕಂಡರೆ ಅದು ಮಿಶನ್ ಕಂಪೌಂಡ್ ಇರಬಹುದೆಂದು ದೂರದಿಂದಲೇ ಊಹಿಸಬಹುದು. ನಮ್ಮ ಸೀಮೆಯಲ್ಲಿ ಯಾರ ಕಣ್ಣಿಗೂ ಬೀಳದ ಅದೇ ಮಾಡು ಅಲ್ಲಿ ಪರದೇಶಿ. ಬೆಟಗೇರಿ ಹತ್ತಿರದ ಮಲಸಮುದ್ರದಲ್ಲಿ 1840ರ ದಶಕದ ಆರಂಭದಲ್ಲೇ ಮಿಶನ್ ಒಕ್ಕಲುತನದ ಹಳ್ಳಿಯನ್ನೇ ಕಟ್ಟಲು ಹೊರಟಿತ್ತು. ಸುತ್ತಲಿನ ಊರಿನಿಂದ ಬೇರೆಯಾಗಿ ಹೊಲ, ಮನೆ, ಪ್ರಾರ್ಥನೆ ಎಲ್ಲ ಒಂದೇ ಬೇಲಿಯೊಳಗೆ. ಮೋಗ್ಲಿಂಗ್ ಕೊಡಗಿನಲ್ಲಿ ಆನಂದಪುರ ಎಂಬ ಊರನ್ನೂ ಹೀಗೇ ಹುಟ್ಟುಹಾಕಿದರು, ಅಲ್ಲಿ ಹೊಲದ ಬದಲು ಕಾಫಿ. ಅದು ಸಿದ್ದಾಪುರದ ಹತ್ತಿರವೆಂದು ಓದಿ ನನಗೆ ಒಂದು ಗಳಿಗೆ ಖುಷಿಯಾಯಿತು. ಅದು ಕೊಡಗಿನ ಸಿದ್ದಾಪುರ.

ಬಯಲುಸೀಮೆಯ ಈ ಚರ್ಚುಗಳನ್ನು ಅಲ್ಲಿಯ ಜನ ದೇವಾಲಯ ಎಂದೇ ಕರೆಯುತ್ತಾರೆ, ಪಾದ್ರಿಗಳನ್ನು ಸಭಾಪಾಲಕರು ಅಥವಾ ಅಯ್ಯನವರು ಎನ್ನುತ್ತಾರೆ. ಒಳಗೆ ಕಾಲಿಟ್ಟರೆ ಮೊದಲು ತಟ್ಟುವುದು ಏನೂ ಇಲ್ಲ ಎನ್ನುವುದೇ. ಸುಣ್ಣ ಬಳಿದ ಗೋಡೆ. ಸಂತರಿಲ್ಲ, ಮೇರಿಯಮ್ಮನ ಮೂರ್ತಿಯಿಲ್ಲ, ಮೋಂಬತ್ತಿಯ ಸಾಲಿಲ್ಲ. ಉದ್ದನೆಯ ಒಂದೇ ಕೋಣೆ, ಅದರ ತುದಿಯಲ್ಲಿ ಒಂದೆರಡು ಮೆಟ್ಟಿಲಿನಷ್ಟು ಎತ್ತರದ ಜಾಗ. ಅಲ್ಲಿ ಕಲ್ಲಿನ ಬಲಿಪೀಠದ ಬದಲು ಮರದ ಮೇಜು, ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇಡಲು. ಬಲಿ ಒಂದೇ ಸಲ ಆಗಿ ಮುಗಿದಿದೆ, ಮತ್ತೆ ಅರ್ಪಿಸುವುದು ಏನೂ ಇಲ್ಲ, ಇದು ನೆನಪಿನ ಊಟ ಎಂಬ ತತ್ವ ಆ ಮೇಜಿನ ಕಾಲುಗಳಲ್ಲೇ ಇದೆ. ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಎತ್ತರದ ಪ್ರಸಂಗಪೀಠ, ಅದರ ಮೇಲೆ ಬಿಚ್ಚಿಟ್ಟ ಸತ್ಯವೇದ. ದೀಕ್ಷಾಸ್ನಾನಕ್ಕೆ ಒಂದು ಬೋಗುಣಿ. ಕಟ್ಟುನಿಟ್ಟಿನ ರಿಫಾರ್ಮ್ಡ್ ಸಭೆಯಾದರೆ ಶಿಲುಬೆಗೂ ಮುಖ ಸಿಂಡರಿಸುತ್ತದೆ, ಇಲ್ಲಿ ಲೂಥರನ್ ಬೆರಕೆ ಇರುವುದರಿಂದ ಬರಿಯ ಶಿಲುಬೆ ಇರುತ್ತದೆ, ಅದರ ಮೇಲೆ ಯೇಸುವಿನ ಮೈ ಇಲ್ಲ. ಗೋಡೆಗೆ ಅಲಂಕಾರವೆಂದರೆ ಕನ್ನಡದಲ್ಲಿ ಬರೆದ ಸತ್ಯವೇದದ ಒಂದು ವಚನ. ಚಿತ್ರದ ಜಾಗಕ್ಕೆ ಅಕ್ಷರ ಬಂದು ಕೂತಿದೆ. ಓದು ಬಾರದವನು ಇಲ್ಲಿ ಅರ್ಧ ಕುರುಡ, ಅದಕ್ಕೇ ಮಿಶನ್ ಚರ್ಚು ಕಟ್ಟಿದಲ್ಲೆಲ್ಲ ಶಾಲೆಯನ್ನೂ ಕಟ್ಟಿತು.

ಕಿಟಕಿಗಳು ದೊಡ್ಡವು, ಬಣ್ಣದ ಗಾಜಿನ ಆಡಂಬರ ಇಲ್ಲ. ಹಾಡಿನ ಪುಸ್ತಕ ಓದಲು ಬೆಳಕು ಬೇಕು. ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ ಕೂರುವ ರೂಢಿ ಹಳಬರಲ್ಲಿ ಇನ್ನೂ ಇದೆ, ಅದು ನಮ್ಮ ನೆಲದ್ದು. ಜರ್ಮನ್ ಧಾಟಿಗೆ ಕನ್ನಡ ಮಾತು ಹೊಂದಿಸಿದ ಗೀತೆಗಳನ್ನು ಎಲ್ಲರೂ ಒಟ್ಟಿಗೆ ಹಾಡುತ್ತಾರೆ. ಜ್ಯೂರಿಚಿನ ಜ್ವಿಂಗ್ಲಿ ತಾನೇ ಸಂಗೀತ ಬಲ್ಲವನಾದರೂ ಆರಾಧನೆಯಿಂದ ಸಂಗೀತವನ್ನು ಹೊರಗಿಟ್ಟಿದ್ದ. ಅವನು ಬಂದು ಹುಬ್ಬಳ್ಳಿಯ ಭಾನುವಾರದ ಹಾಡು ಕೇಳಿದ್ದರೆ ಏನೆನ್ನುತ್ತಿದ್ದನೋ. ಕಿಟ್ಟೆಲರಂತೂ ಇನ್ನೂ ಮುಂದೆ ಹೋಗಿ 1862ರಲ್ಲಿ ಯೇಸುವಿನ ಕತೆಯನ್ನು ಕನ್ನಡದ ಛಂದಸ್ಸಿನಲ್ಲೇ ಕಥಾಮಾಲೆ ಎಂದು ಬರೆದರು.

ನಾನು ನೋಡಿದ ಹಳ್ಳಿಯ ದೇವಾಲಯವೂ ಇದೇ ಪಡಿಯಚ್ಚು. ಕಲ್ಲಿನ ಗೋಡೆ, ಬಿಸಿಲು ತಡೆಯಲು ಎರಡು ಬದಿ ಜಗುಲಿ, ಎದುರಿನ ಮೂರುಮೂಲೆಯ ಗೋಡೆಯ ನೆತ್ತಿಯಲ್ಲಿ ಗಂಟೆ. ಟ್ರಸ್ಸಿನ ಒಂದು ಅಡ್ಡಮರದ ತುದಿ ಗೋಡೆಯೊಳಗೆ ಗೆದ್ದಲು ಹಿಡಿದು ಪುಡಿಯಾಗಿತ್ತು. ಮಾಡು ಒಂದು ಕಡೆ ಜಗ್ಗಿತ್ತು. ಹೆಂಚು ತಿರುವಿ ನೋಡಿದರೆ ಬಾಸೆಲ್ ಮಿಶನ್.

ಏನು ಮಾಡಬೇಕೆಂದು ತೀರ್ಮಾನಿಸುವವರು ಯಾರು ಎಂದು ಕೇಳಿದೆ. ನಮ್ಮಲ್ಲಾದರೆ ಮೊಕ್ತೇಸರರು ಒಂದು ಮಾತು ಹೇಳಿ ಮುಗಿಸುತ್ತಾರೆ. ಅಲ್ಲಿ ಸಭೆಯೇ ಆರಿಸಿದ ಹಿರಿಯರಿದ್ದಾರೆ, ಅಯ್ಯನವರೂ ಅವರಲ್ಲಿ ಒಬ್ಬರು. ಹಿರಿಯರು ಕೂಡಿ ಸಭೆ ನಡೆಸುವುದು ಜಿನೀವಾದ ಕಾಲ್ವಿನ್ ಕಾಲದಿಂದ ಬಂದ ಪದ್ಧತಿ, ರಿಫಾರ್ಮ್ಡ್ ಪಂಗಡದ ಗುರುತು. ಈ ಜನ ಬಿಷಪ್ಪರ ಕೆಳಗೆ ಬಂದದ್ದು ತಡವಾಗಿ. 1914ರಲ್ಲಿ ಯುದ್ಧ ಬಂದಾಗ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಹಿಡಿದು ಕೂಡಿಹಾಕಿತು. ಯುದ್ಧ ಮುಗಿದ ಮೇಲೆ ಧಾರವಾಡ ಕಡೆಯ ಸಭೆಗಳನ್ನು ಕೆಲವು ವರ್ಷ ಸ್ವಿಸ್ ಜನರ ಬೇರೆ ಸಂಘ ನೋಡಿಕೊಂಡಿತು. 1947ರಲ್ಲಿ ದಕ್ಷಿಣ ಭಾರತದ ಹಲವು ಪ್ರಾಟೆಸ್ಟಂಟ್ ಪಂಗಡಗಳು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ. ಆದಾಗ ಮಂಗಳೂರಿನ ಬಾಸೆಲ್ ಸಭೆಗಳು ಸೇರಿದವು, ಧಾರವಾಡ ಹುಬ್ಬಳ್ಳಿ ಕಡೆಯವು ಸೇರಿದ್ದು 1968ರಲ್ಲಿ. ಬಿಷಪ್ಪರು ಬಂದರೂ ಹಿರಿಯರ ಕಟ್ಟೆ ಹೋಗಲಿಲ್ಲ.

ಆ ಕಟ್ಟೆಯ ಜಗಳ ನೋಡುವಂತಿತ್ತು. ಹುಡುಗರು ಸ್ಲ್ಯಾಬ್ ಹಾಕಿಸಿ ಅಂದರು, ಮೇಲೊಂದು ಅಂತಸ್ತು ಏರಿಸಬಹುದು. ಇನ್ನೊಬ್ಬರು ತಗಡಿನ ಶೀಟು ಸೋವಿ ಅಂದರು. ‘ಕಾಂಟ್ರಾಕ್ಟರ್ರ, ನೀವ ಹೇಳ್ರಿ’ ಎಂದು ನನ್ನ ಕಡೆ ತಿರುಗಿದರು. ನಾನು ಧರ್ಮದ ಮಾತಾಡಲಿಲ್ಲ. ಶೀಟಿನ ಮೇಲೆ ಮಳೆ ಬಿದ್ದರೆ ಅಯ್ಯನವರ ಮಾತು ಮೊದಲ ಬೆಂಚಿಗೂ ಕೇಳುವುದಿಲ್ಲ, ಹೆಂಚಿನ ಕೆಳಗೆ ಕೇಳುತ್ತದೆ ಅಂದೆ. ಸ್ಲ್ಯಾಬಿನ ಭಾರ ಹೊರಲು ಈ ಮಣ್ಣುಗಾರೆಯ ಗೋಡೆಗೆ ಆಗದು, ನಡುವೆ ಕಂಬ ಕೊಡಬೇಕಾಗುತ್ತದೆ ಅಂದೆ. ಕಂಬ ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಕೂರುವ ಅಜ್ಜಿಯರು ಮಾತಾಡತೊಡಗಿದರು. ಅಯ್ಯನವರ ಮುಖ ಕಾಣದಿದ್ದರೆ ನಾವು ಬರೂದ್ಯಾಕ ಎಂದರು. ಕೈ ಎತ್ತಿಸಿ ಲೆಕ್ಕ ಹಾಕಿದರು, ಹೆಂಚು ಗೆದ್ದಿತು.

ಗೆದ್ದ ಮೇಲೆ ಶುರುವಾದದ್ದು ನನ್ನ ಪೇಚಾಟ. ಅಡ್ಡಮರಕ್ಕೆ ಬೇಕಾದ ಸಾಗವಾನಿಯನ್ನು ಯಲ್ಲಾಪುರದ ಡಿಪೋ ಹರಾಜಿನಲ್ಲಿ ಹಿಡಿದೆ, ಅದು ಕಷ್ಟವಾಗಲಿಲ್ಲ. ಹೆಂಚಿನದೇ ತಾಪತ್ರಯ. ಒಂದು ಕಾರ್ಖಾನೆಯ ಹೆಂಚಿನ ತೋಡಿಗೆ ಇನ್ನೊಂದು ಕಾರ್ಖಾನೆಯ ಹೆಂಚಿನ ಏಣು ಸರಿಯಾಗಿ ಕೂರುವುದಿಲ್ಲ. ಕೂದಲೆಳೆಯಷ್ಟು ಸಂದು ಉಳಿದರೂ ಗಾಳಿಮಳೆಗೆ ನೀರು ಒಳಗೆ. ಒಡೆದ ಜಾಗಕ್ಕೆ ಬಾಸೆಲ್ ಮಿಶನ್ನಿನ ಹೆಂಚೇ ಬೇಕು, ಅದು ಹುಟ್ಟುವುದು ನಿಂತು ನೂರು ವರ್ಷವಾಯಿತು. ಮಂಗಳೂರಿನಲ್ಲಿ ಬೇರೆಯವರ ಕಾರ್ಖಾನೆಗಳೂ ಮಣ್ಣು ಸಿಗದೆ, ಆಳು ಸಿಗದೆ ಒಂದೊಂದೇ ಬಾಗಿಲು ಹಾಕುತ್ತಿವೆ. ಹಾಗಾದರೆ ಆ ಹೆಂಚು ಸಿಗುವುದು ಎಲ್ಲಿ? ಸಿದ್ದಾಪುರ ತಾಲೂಕಿನಲ್ಲಿ, ಮಕ್ಕಳು ಬೆಂಗಳೂರು ಸೇರಿ, ಹಿರಿಯರು ತಾರಸಿ ಮನೆಗೆ ಒಪ್ಪಿ ಇಳಿಸಲು ಕೊಟ್ಟ ಒಂದು ದೊಡ್ಡ ಮನೆಯಲ್ಲಿ. ದೇವರ ಕೋಣೆಯ ಮೇಲಿನ ಸಾಲು ಎಲ್ಲಕ್ಕಿಂತ ಗಟ್ಟಿ ಇತ್ತು, ಅಡುಗೆಮನೆಯದು ಹೊಗೆ ಕುಡಿದು ಕಪ್ಪಾಗಿತ್ತು. ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು, ಖಣ್ ಎಂದು ಸದ್ದು ಬಂದದ್ದನ್ನು ಆರಿಸಿ, ಹುಲ್ಲು ಹಾಸಿ ಲಾರಿಗೆ ನಿಲ್ಲಿಸಿ ಪೇರಿಸಿದೆವು. ಮಲಗಿಸಿ ಪೇರಿಸಿದರೆ ಕಿರವತ್ತಿ ಮುಟ್ಟುವಷ್ಟರಲ್ಲಿ ಅರ್ಧ ಚೂರು.

ಹೊಗೆ ಕುಡಿದ ಹೆಂಚನ್ನು ಏನು ಮಾಡುವುದೆಂದು ಅಲ್ಲಿಯ ಹಿರಿಯರು ಕೇಳಿದರು. ಗಟ್ಟಿ ಇದ್ದವನ್ನು ಜಗುಲಿಯ ಮೇಲೆ ಹಾಕಿಸಿದೆ.